ಗುಂಟೆಯ ಲೆಕ್ಕವನ್ನು ಎಷ್ಟು ಸಲ ಬರೆಯಬೇಕು? ಡೇಟಾಬೇಸ್ ಎಕ್ಸ್‌ಟೆನ್ಷನ್‌ಗಳಿಗೆ ಒಂದು ಕೂಡು ಕಣಜ ಬೇಕು

ಸಂಪಾದಕರಿಗೆ,

ಮಾನ್ಯರೇ,

ಎರಡು ಎಕರೆ ಮೂವತ್ತೈದು ಗುಂಟೆಗೆ ಒಂದು ಎಕರೆ ಮೂವತ್ತು ಗುಂಟೆ ಕೂಡಿಸಿದರೆ ನಾಲ್ಕು ಎಕರೆ ಇಪ್ಪತ್ತೈದು ಗುಂಟೆ. ಪಹಣಿ ನೋಡಿ ಬಲ್ಲವರಿಗೆ ಇದು ಬಾಯಿಲೆಕ್ಕ. ಅದೇ ಅಂಕಿಗಳನ್ನು ಡೇಟಾಬೇಸಿನಲ್ಲಿ 2.35 ಮತ್ತು 1.30 ಎಂದು ದಶಮಾಂಶವಾಗಿ ತುಂಬಿಸಿ ಮೊತ್ತ ಕೇಳಿದರೆ 3.65 ಎಂಬ ಉತ್ತರ ಬರುತ್ತದೆ. ಎಕರೆಗೆ 40 ಗುಂಟೆ ಎಂಬುದು ಯಂತ್ರಕ್ಕೆ ಯಾರೂ ಹೇಳಿರುವುದಿಲ್ಲ. ಕಾಲಂ ಫ್ಲೋಟ್ (ಸಾಮಾನ್ಯ ದಶಮಾಂಶ ಸಂಖ್ಯೆ) ಆಗಿದ್ದರೆ ಇನ್ನೂ ಕಷ್ಟ: 2.10 ಎಂದು ಬರೆದದ್ದು 2.1 ಆಗಿ ಕೂತಮೇಲೆ ಅದು ಹತ್ತು ಗುಂಟೆಯೋ ಒಂದು ಗುಂಟೆಯೋ ಎಂದು ಹೇಳುವವರಿಲ್ಲ.

ಇದಕ್ಕೆ ಪರಿಹಾರ ಎಲ್ಲರಿಗೂ ಗೊತ್ತಿರುವಂಥದ್ದೇ. ಗುಂಟೆಗೆ 16 ಆಣೆ, ಎಕರೆಗೆ 640 ಆಣೆ. ವಿಸ್ತೀರ್ಣವನ್ನು ಆಣೆಯ ಪೂರ್ಣಾಂಕವಾಗಿ ಇಟ್ಟುಕೊಂಡು, ತೋರಿಸುವಾಗ ಮಾತ್ರ ಎಕರೆ-ಗುಂಟೆ-ಆಣೆಗೆ ಬಿಡಿಸಬೇಕು. 1840 ಆಣೆಗೆ 1120 ಕೂಡಿಸಿದರೆ 2960. ಬಿಡಿಸಿದರೆ 4 ಎಕರೆ 25 ಗುಂಟೆ. ಇಷ್ಟು ಚಿಕ್ಕ ಕೋಡನ್ನು ಸಹಕಾರ ಸಂಘದ ಸಾಫ್ಟ್‌ವೇರಿಗೆ ಒಬ್ಬರು, ಬೆಳೆ ವಿಮೆಯ ತಂತ್ರಾಂಶಕ್ಕೆ ಇನ್ನೊಬ್ಬರು, ಖಾಸಗಿ ಲೇಔಟ್ ಕಂಪನಿಗೆ ಮತ್ತೊಬ್ಬರು ಹೊಸದಾಗಿ ಬರೆಯುತ್ತಾರೆ. ಒಬ್ಬರು ತಿದ್ದಿಕೊಂಡ ತಪ್ಪನ್ನು ಪಕ್ಕದವರು ಮತ್ತೆ ಮಾಡುತ್ತಾರೆ. ಬರೆದದ್ದನ್ನು ಹಂಚಿಕೊಳ್ಳುವ ಜಾಗ ನಮ್ಮಲ್ಲಿಲ್ಲ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಹಂಚಿಕೊಂಡದ್ದನ್ನು ನಂಬಿ ಬಳಸುವಂತೆ ಕಾಪಾಡುವ ಏರ್ಪಾಡಿಲ್ಲ. ಈ ಪತ್ರ ಆ ಏರ್ಪಾಡಿನ ಬಗ್ಗೆ.

ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಬಳಕೆದಾರರೇ ಹೊಸ ಸಾಮರ್ಥ್ಯ ಸೇರಿಸಲು ಎಕ್ಸ್‌ಟೆನ್ಷನ್ ಎಂಬ ವ್ಯವಸ್ಥೆ 2011ರಲ್ಲಿ 9.1ನೇ ಆವೃತ್ತಿಯೊಂದಿಗೆ ಬಂತು. ಭೂಪಟದ ಕೆಲಸ ಮಾಡುವ ಪೋಸ್ಟ್‌ಜಿಐಎಸ್, ಎಐ ಹುಡುಕಾಟಕ್ಕೆ ಈಗ ಎಲ್ಲರೂ ಬಳಸುತ್ತಿರುವ ಪಿಜಿವೆಕ್ಟರ್ ಎಲ್ಲ ಈಗ ಸಿಗುವುದು ಈ ದಾರಿಯಲ್ಲೇ. ಎಕರೆ-ಗುಂಟೆಯಂಥ ಚಿಕ್ಕ ಎಕ್ಸ್‌ಟೆನ್ಷನ್ನಿಗೆ ಬೇಕಾದದ್ದು ಮೂರೇ ಫೈಲು. ಒಂದು ಕಂಟ್ರೋಲ್ ಫೈಲು: ಹೆಸರು, ಒಂದು ಸಾಲಿನ ವಿವರಣೆ, ಈಗಿನ ಆವೃತ್ತಿ, ಬೇರೆ ಯಾವ ಎಕ್ಸ್‌ಟೆನ್ಷನ್ ಮೊದಲೇ ಇರಬೇಕು ಎಂಬ ಮಾಹಿತಿ. ಎರಡನೆಯದು ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆದೇಶ ಕೊಡುವ ಭಾಷೆ) ಸ್ಕ್ರಿಪ್ಟ್. ಅದರ ಹೆಸರಿನಲ್ಲಿ ಎಕ್ಸ್‌ಟೆನ್ಷನ್ನಿನ ಹೆಸರು, ಎರಡು ಅಡ್ಡಗೆರೆ, ಆವೃತ್ತಿ ಸಂಖ್ಯೆ ಇದೇ ಕ್ರಮದಲ್ಲಿ ಇರಬೇಕು. ಅಡ್ಡಗೆರೆ ಒಂದೇ ಆದರೆ ಪೋಸ್ಟ್‌ಗ್ರೆಸ್ ಆ ಫೈಲನ್ನು ಗುರುತಿಸುವುದಿಲ್ಲ. ಹೊಸಬರು ಮೊದಲು ಎಡವುವುದು ಇಲ್ಲೇ. ಮೂರನೆಯದು ನಾಲ್ಕೈದು ಸಾಲಿನ ಮೇಕ್‌ಫೈಲ್. ಇದು ಪಿಜಿ-ಕಾನ್ಫಿಗ್ ಎಂಬ ಸಾಧನವನ್ನು ಕೇಳಿ ಫೈಲುಗಳನ್ನು ಸರಿಯಾದ ಡೈರೆಕ್ಟರಿಗೆ ಸೇರಿಸುತ್ತದೆ. ಒಂದೇ ಯಂತ್ರದಲ್ಲಿ ಪೋಸ್ಟ್‌ಗ್ರೆಸ್‌ನ ಎರಡು ಆವೃತ್ತಿಗಳಿದ್ದರೆ ಯಾವ ಪಿಜಿ-ಕಾನ್ಫಿಗ್ ಎಂದು ಸ್ಪಷ್ಟವಾಗಿ ಹೇಳಬೇಕು. ಇಲ್ಲವಾದರೆ 15ರ ಸರ್ವರಿಗೆಂದು ಹಾಕಿದ್ದು 17ರ ಡೈರೆಕ್ಟರಿಯಲ್ಲಿ ಕೂರುತ್ತದೆ. ಆಮೇಲೆ ‘ಕ್ರಿಯೇಟ್ ಎಕ್ಸ್‌ಟೆನ್ಷನ್’ ಎಂದಾಗ ‘ಕಂಟ್ರೋಲ್ ಫೈಲ್ ಸಿಗಲಿಲ್ಲ’ ಎಂಬ ಉತ್ತರ ನೋಡಿ ಅರ್ಧ ದಿನ ಹೋಗುತ್ತದೆ.

ಬರೆಯುವಾಗಲೇ ತೀರ್ಮಾನಿಸಬೇಕಾದ ಕೆಲವು ಸಂಗತಿಗಳಿವೆ. ಎಕರೆ-ಗುಂಟೆಗೆ ಹೊಚ್ಚ ಹೊಸ ಮೂಲ ಡೇಟಾ ಟೈಪ್ ಮಾಡಹೊರಟರೆ ಅದರ ಇನ್‌ಪುಟ್, ಔಟ್‌ಪುಟ್ ಫಂಕ್ಷನ್‌ಗಳನ್ನು ಸಿ ಭಾಷೆಯಲ್ಲೇ ಬರೆಯಬೇಕು. ಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್‌ನದೇ ಭಾಷೆಯಾದ ಪಿಎಲ್‌ಪಿಜಿಎಸ್‌ಕ್ಯೂಎಲ್‌ನಲ್ಲಿ ಆಗದು. ಬದಲಿಗೆ ಪೂರ್ಣಾಂಕದ ಮೇಲೆ ‘ಸೊನ್ನೆಗಿಂತ ಕಡಿಮೆ ಇರಕೂಡದು’ ಎಂಬ ನಿಯಮವಿಟ್ಟು ಡೊಮೈನ್ ಮಾಡಿಕೊಂಡರೆ ಕೂಡುವುದು, ಹೋಲಿಸುವುದು, ಇಂಡೆಕ್ಸ್ (ಬೇಗ ಹುಡುಕಲು ಕಟ್ಟುವ ಸೂಚಿ) ಎಲ್ಲವೂ ಪುಕ್ಕಟೆ ಸಿಗುತ್ತವೆ. ಬರೆಯಬೇಕಾದದ್ದು ಪಠ್ಯದಿಂದ ಆಣೆಗೆ, ಆಣೆಯಿಂದ ಪಠ್ಯಕ್ಕೆ ಎಂಬ ಎರಡು ಫಂಕ್ಷನ್ ಮಾತ್ರ. ಅವು ‘2-45’ ಎಂದು ಕೊಟ್ಟರೆ ಸುಮ್ಮನೆ 3-05 ಮಾಡಿಕೊಳ್ಳಬಾರದು, ತಪ್ಪೆಂದು ನಿಲ್ಲಿಸಬೇಕು; ಯಾಕೆಂದರೆ ನಿಜವಾದ ಅಂಕಿ 2-15 ಆಗಿ ಬೆರಳು ತಪ್ಪಿರಬಹುದು. ಅರ್ಧ ಆಣೆಯವರೆಗೆ ಲೆಕ್ಕ ಬೇಕೆನಿಸಿದರೆ ಎಕರೆಗೆ 1280 ಎಂದು ಮೊದಲ ಆವೃತ್ತಿಯಲ್ಲೇ ನಿರ್ಧರಿಸಬೇಕು. ಸಾವಿರಾರು ಸಾಲು ತುಂಬಿದ ಮೇಲೆ ಅಳತೆಯ ಮೂಲಮಾನ ಬದಲಾದರೆ ಎಲ್ಲರ ಜಮೀನೂ ಅರ್ಧವೋ ಇಮ್ಮಡಿಯೋ ಆಗುತ್ತದೆ. ಪಾಲು ಮಾಡುವ ಫಂಕ್ಷನ್ ಇದ್ದರೆ ಅದು ಉಳಿಕೆಯನ್ನೂ ಹೇಳಬೇಕು: ಒಂದು ಎಕರೆಯನ್ನು ಮೂವರಿಗೆ ಹಂಚಿದರೆ ತಲಾ 213 ಆಣೆ, ಅಂದರೆ 13 ಗುಂಟೆ 5 ಆಣೆ, ಒಂದು ಆಣೆ ಮಿಗುತ್ತದೆ. ಪೂರ್ಣಾಂಕದ ಭಾಗಾಕಾರ ಅದನ್ನು ಸದ್ದಿಲ್ಲದೆ ನುಂಗುತ್ತದೆ. ಆ ಆಣೆ ಯಾರಿಗೆಂದು ತೀರ್ಮಾನಿಸುವುದು ಕೋಡಿನ ಕೆಲಸವಲ್ಲ.

ಬರೆದದ್ದನ್ನು ಇಡುವುದೆಲ್ಲಿ? ನಮ್ಮದೇ ಹೊಸ ಪೋರ್ಟಲ್ ಕಟ್ಟೋಣ ಎಂಬ ಉತ್ಸಾಹ ಮೊದಲು ಬರುತ್ತದೆ. ಅದು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಪರ್ಲ್ ಭಾಷೆಯವರಿಗೆ 1995ರಿಂದ ಸಿಪ್ಯಾನ್ ಎಂಬ ಕಣಜವಿದೆ. ಅದನ್ನೇ ಮಾದರಿಯಾಗಿಟ್ಟುಕೊಂಡು ಡೇವಿಡ್ ವೀಲರ್ ಅವರು 2011ರಲ್ಲಿ ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಷನ್‌ಗಳಿಗೆಂದು ಪಿಜಿಎಕ್ಸ್‌ಎನ್ ಎಂಬ ಜಾಲವನ್ನು ಶುರುಮಾಡಿದರು. ಮೇಲಿನ ಮೂರು ಫೈಲಿಗೆ ಮೆಟಾ ಜೇಸನ್ ಎಂಬ ನಾಲ್ಕನೆಯದೊಂದು ಸೇರಿಸಿ, ಹೆಸರು, ಸಾರಾಂಶ, ಆವೃತ್ತಿ, ನೋಡಿಕೊಳ್ಳುವವರು, ಲೈಸೆನ್ಸ್, ಒಳಗೇನಿದೆ ಎಂಬುದನ್ನು ಬರೆದು, ಜಿಪ್ ಮಾಡಿ ಏರಿಸಿದರೆ ಸಾಕು. ಜಗತ್ತಿನ ಯಾರು ಬೇಕಾದರೂ ಒಂದೇ ಆದೇಶದಲ್ಲಿ ಅದನ್ನು ಇಳಿಸಿಕೊಳ್ಳಬಹುದು. ಆವೃತ್ತಿಯನ್ನು ಅಲ್ಲಿ 1.0.0 ಎಂದು ಮೂರು ಭಾಗದಲ್ಲೇ ಬರೆಯಬೇಕು. ಕಂಟ್ರೋಲ್ ಫೈಲಿನಲ್ಲಿ 1.0 ಎಂದೂ ಇಲ್ಲಿ 1.0.0 ಎಂದೂ ಇದ್ದರೆ ಮುಂದೆ ಯಾವುದಕ್ಕೆ ಯಾವುದು ಎಂದು ತಡಕಾಡಬೇಕಾಗುತ್ತದೆ. ಎರಡೂ ಕಡೆ ಒಂದೇ ರೀತಿ ಇರಲಿ. ಲೈಸೆನ್ಸ್ ಸಾಲನ್ನು ಖಾಲಿ ಬಿಡುವಂತೆಯೂ ಇಲ್ಲ. ‘ಯಾರು ಬೇಕಾದರೂ ಬಳಸಿ’ ಎಂದು ಬಾಯಲ್ಲಿ ಹೇಳಿದ್ದನ್ನು ಯಾವ ಕಚೇರಿಯ ಕಾನೂನು ವಿಭಾಗವೂ ಒಪ್ಪುವುದಿಲ್ಲ. ಪೋಸ್ಟ್‌ಗ್ರೆಸ್‌ನದೇ ಲೈಸೆನ್ಸ್ ಚಿಕ್ಕದು, ಸರಳ, ಅದನ್ನೇ ಹಾಕಬಹುದು.

ಆದರೆ ಪಿಜಿಎಕ್ಸ್‌ಎನ್ ಕೊಡುವುದು ಮೂಲ ಕೋಡನ್ನು ಮಾತ್ರ. ಅದು ನಿಮ್ಮ ಎಕ್ಸ್‌ಟೆನ್ಷನ್ ಕೆಲಸ ಮಾಡುತ್ತದೆಯೇ ಎಂದು ನೋಡುವುದಿಲ್ಲ, ಹೊಸ ಪೋಸ್ಟ್‌ಗ್ರೆಸ್ ಬಂದಾಗ ಎಚ್ಚರಿಸುವುದೂ ಇಲ್ಲ. ಕರ್ನಾಟಕದಲ್ಲಿ ಹಣ, ಜನ, ಯಂತ್ರ ಬೇಕಿರುವುದು ಇಲ್ಲಿಗೆ. ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿ ವರ್ಷಕ್ಕೊಂದು ಬರುತ್ತದೆ, ಐದು ವರ್ಷ ಬದುಕಿರುತ್ತದೆ. ಹಾಗಾಗಿ ಯಾವ ಹೊತ್ತಿಗೂ ಐದು ಆವೃತ್ತಿಗಳು ಚಾಲ್ತಿಯಲ್ಲಿರುತ್ತವೆ. ಇಂಟೆಲ್ ಬಗೆಯ ಯಂತ್ರ, ಆರ್ಮ್ ಯಂತ್ರ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಪ್ರತಿ ಎಕ್ಸ್‌ಟೆನ್ಷನ್ನಿಗೆ ಹತ್ತು ಪರೀಕ್ಷೆ. ಚಿಕ್ಕ ಎಕ್ಸ್‌ಟೆನ್ಷನ್‌ಗಳಿಗೆ ಇದು ನಿಮಿಷಗಳ ಕೆಲಸ. ಪ್ರತಿ ರಾತ್ರಿ ತಾನೇ ನಡೆದು ಬೆಳಗ್ಗೆ ಯಾವುದು ಕೆಂಪು, ಯಾವುದು ಹಸಿರು ಎಂದು ಎಲ್ಲರಿಗೂ ಕಾಣುವಂತೆ ಹಾಕಲು ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಸಾಕು.

ಪರೀಕ್ಷೆಯ ಕ್ರಮ ಪೋಸ್ಟ್‌ಗ್ರೆಸ್‌ನಲ್ಲೇ ಇದೆ. ಒಂದು ಫೋಲ್ಡರಿನಲ್ಲಿ ಪ್ರಶ್ನೆಗಳು, ಇನ್ನೊಂದರಲ್ಲಿ ಬರಬೇಕಾದ ಉತ್ತರಗಳು. ‘ಮೇಕ್ ಇನ್‌ಸ್ಟಾಲ್‌ಚೆಕ್’ ಎಂದರೆ ಎರಡನ್ನೂ ತಾಳೆ ನೋಡಿ ವ್ಯತ್ಯಾಸವನ್ನು ಬೇರೆ ಫೈಲಿಗೆ ಬರೆದಿಡುತ್ತದೆ. ಒಂದು ಕೆಟ್ಟ ರೂಢಿ ಎಲ್ಲೆಲ್ಲೂ ಇದೆ: ಕೋಡನ್ನು ಒಮ್ಮೆ ಓಡಿಸಿ, ಬಂದ ಉತ್ತರವನ್ನೇ ‘ಬರಬೇಕಾದ ಉತ್ತರ’ ಎಂದು ನಕಲು ಮಾಡಿಡುವುದು. ಆಗ ತಪ್ಪು ಕೋಡೂ ಪಾಸಾಗುತ್ತದೆ. ಬರಬೇಕಾದ ಉತ್ತರವನ್ನು ವಿಷಯ ಬಲ್ಲವರು ಕೈಯಿಂದ ಬರೆಯಬೇಕು. ಎಕರೆ-ಗುಂಟೆಗೆ ಸರ್ವೇಯರ್ ಬರೆಯಲಿ, ಅಕ್ಷರಗಳ ಎಕ್ಸ್‌ಟೆನ್ಷನ್ನಿಗೆ ಕನ್ನಡ ಮೇಷ್ಟ್ರು ಬರೆಯಲಿ. ಪ್ರೋಗ್ರಾಮರ್‌ಗಳಲ್ಲದವರು ಈ ಕಣಜಕ್ಕೆ ಕೊಡಬಹುದಾದ ಅತಿ ದೊಡ್ಡ ಕಾಣಿಕೆ ಇದು.

ಅಕ್ಷರದ ವಿಷಯದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ‘ಕೋ’ ಎಂಬುದನ್ನು ಯೂನಿಕೋಡಿನಲ್ಲಿ ಒಂದೇ ಸ್ವರಚಿಹ್ನೆಯಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ. ಇದನ್ನು ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಸ್ ಫಂಕ್ಷನ್ ಸರಿಮಾಡುತ್ತದೆ, ಡೇಟಾಬೇಸಿನ ಎನ್‌ಕೋಡಿಂಗ್ ಯುಟಿಎಫ್-8 ಆಗಿದ್ದರೆ. ಆದರೆ ‘ಬೆಂಗಳೂರು’ ಎಂಬಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿ ‘ಬೆ೦ಗಳೂರು’ ಎಂದು ತುಂಬಿದವರಿದ್ದಾರಲ್ಲ, ಅದನ್ನು ಜಗತ್ತಿನ ಯಾವ ಸಾಮಾನ್ಯ ಫಂಕ್ಷನ್ನೂ ಹಿಡಿಯದು. ಎರಡೂ ಕಡೆ ಅಕ್ಷರವಿದ್ದರೆ ಅದು ಅನುಸ್ವಾರ, ಅಂಕಿಗಳ ನಡುವೆ ಇದ್ದರೆ ಸೊನ್ನೆ ಎಂಬ ನಿಯಮವನ್ನು ನಾವೇ ಬರೆಯಬೇಕು. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರದ ಕೆಳಗೆ ಒತ್ತು ಬಾರದಂತೆ ತಡೆಯುವ ಕಾಣದ ಅಕ್ಷರವೊಂದಿದೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಹುಡುಕುವಾಗ ಅದನ್ನು ತೆಗೆದು ಹೋಲಿಸಬೇಕು. ಉಳಿಸುವಾಗ ಮಾತ್ರ ತೆಗೆಯಬಾರದು; ತೆಗೆದರೆ ‘ರ‍್ಯಾಂಕ್’ ಎಂಬುದರ ಇಂಥದೇ ಕಾಣದ ಅಕ್ಷರವೂ ಹೋಗಿ ಅರ್ಕಾವತ್ತಿನ ‘ರ್ಯಾಂಕ್’ ಆಗುತ್ತದೆ.

ಹಳೆಯ ನುಡಿ ಫಾಂಟಿನ ಕಡತಗಳದ್ದು ಬೇರೆ ಕಥೆ. ಅವುಗಳ ಒಳಗಿರುವುದು ಲ್ಯಾಟಿನ್ ಸಂಕೇತಗಳು. ಕನ್ನಡ ಕಾಣುವುದು ಫಾಂಟಿನ ದೆಸೆಯಿಂದ. ಅಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಆದ್ದರಿಂದ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು, ಸ್ಥಾನವನ್ನೂ ಹಿಂದಕ್ಕೆ ಸರಿಸಬೇಕು, ಅದೂ ಒತ್ತಕ್ಷರಗಳನ್ನೆಲ್ಲ ದಾಟಿ. ಒಂದೇ ಕಾಲಂನಲ್ಲಿ ನಿಜವಾದ ಇಂಗ್ಲಿಷ್ ಪದಗಳೂ ಬೆರೆತಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿ ಬದಲಾಗುತ್ತವೆ. ಡೇಟಾಬೇಸಿಗೆ ಬಂದ ಪಠ್ಯದಲ್ಲಿ ಯಾವ ಪದಕ್ಕೆ ಯಾವ ಫಾಂಟ್ ಇತ್ತು ಎಂಬ ಗುರುತು ಉಳಿದಿರುವುದಿಲ್ಲ. ಆದ್ದರಿಂದ ಪರಿವರ್ತನೆಯ ಎಕ್ಸ್‌ಟೆನ್ಷನ್ ಹಳೆಯ ಕಾಲಂ ಮೇಲೆ ಬರೆಯದೆ, ಹೊಸ ಕಾಲಂಗೆ ಬರೆದು, ಅನುಮಾನವಿರುವ ಸಾಲುಗಳನ್ನು ಗುರುತು ಮಾಡಿ ಕೊಡಬೇಕು. ಮೂಲ ಅಳಿದರೆ ಮರಳಿ ಬರುವುದಿಲ್ಲ.

ಎಲ್ಲದಕ್ಕೂ ಎಕ್ಸ್‌ಟೆನ್ಷನ್ ಬೇಕಿಲ್ಲ ಎಂಬುದನ್ನೂ ಹೇಳಬೇಕು. ‘ಕವಲು’ ಬರುವ ಮೊದಲೇ ‘ಕಳಸ’ ಬರುತ್ತದೆ, ಅಕಾರಾದಿ ಕೆಟ್ಟಿದೆ ಎಂಬ ದೂರು ಸಾಮಾನ್ಯ. ಯೂನಿಕೋಡಿನ ಸಂಕೇತ ಕ್ರಮದಲ್ಲಿ ಳಕಾರ ಲಕಾರ-ವಕಾರಗಳ ನಡುವೆ ಇರುವುದರಿಂದ, ‘ಸಿ’ ಕೊಲೇಶನ್ (ಸಂಕೇತಗಳ ಕ್ರಮದಲ್ಲೇ ಜೋಡಿಸುವ ನಿಯಮ) ಹಾಕಿದ ಕಾಲಂ ಹಾಗೆ ಜೋಡಿಸುತ್ತದೆ. ಐಸಿಯು ಎಂಬ ಯೂನಿಕೋಡ್ ಲೈಬ್ರರಿ ಸಹಿತ ಕಟ್ಟಿದ ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡಕ್ಕೆಂದೇ ಕೊಲೇಶನ್ ಇದೆ, ಮೊದಲು ಅದನ್ನು ಹಚ್ಚಿ ನೋಡಬೇಕು. ಇಲ್ಲದ್ದು ಬೇರೆಯೇ ಇದೆ: ಪೂರ್ಣಪಠ್ಯ ಹುಡುಕಾಟಕ್ಕೆ ಪೋಸ್ಟ್‌ಗ್ರೆಸ್ ಜೊತೆ ಬರುವ ಪದಮೂಲ ಶೋಧಕಗಳಲ್ಲಿ ಹಿಂದಿ, ತಮಿಳು, ನೇಪಾಳಿ ಇವೆ, ಕನ್ನಡವಿಲ್ಲ. ‘ಮನೆ’ ಎಂದು ಹುಡುಕಿದರೆ ‘ಮನೆಯಲ್ಲಿ’, ‘ಮನೆಗೆ’, ‘ಮನೆಯಿಂದ’ ಸಿಗುವುದಿಲ್ಲ. ವಿಭಕ್ತಿ ಪ್ರತ್ಯಯ ಬಿಡಿಸುವುದು ಹೇಗೋ ಆದೀತು. ಸಂಧಿ ಬಿಡಿಸುವುದು ಒಬ್ಬರಿಂದ ಒಂದು ವರ್ಷದಲ್ಲಿ ಮುಗಿಯುವ ಕೆಲಸವಲ್ಲ. ಹಲವರು ಸೇರಿ, ಒಂದೇ ಕಡೆ ಇಟ್ಟು, ವರ್ಷವರ್ಷ ತಿದ್ದುತ್ತ ಹೋಗಬೇಕಾದ ಕೆಲಸ.

ತಿದ್ದುವುದರಲ್ಲೇ ದೊಡ್ಡ ಅಪಾಯವೂ ಇದೆ. ಹೆಸರನ್ನು ಶುದ್ಧಮಾಡುವ ಫಂಕ್ಷನ್ನಿನ ಮೇಲೆ ಇಂಡೆಕ್ಸ್ ಕಟ್ಟಬೇಕಾದರೆ ಆ ಫಂಕ್ಷನ್ನನ್ನು ‘ಇಮ್ಯೂಟಬಲ್’ ಎಂದು ಘೋಷಿಸಬೇಕು: ಇದೇ ಪದ ಕೊಟ್ಟರೆ ಎಂದೆಂದಿಗೂ ಇದೇ ಉತ್ತರ ಎಂಬ ಮಾತು ಕೊಟ್ಟಂತೆ. ಮುಂದಿನ ಆವೃತ್ತಿಯಲ್ಲಿ ಸೊನ್ನೆಯ ನಿಯಮ ಸೇರಿಸಿದಿರಿ ಎನ್ನಿ. ಹಳೆಯ ಇಂಡೆಕ್ಸಿನಲ್ಲಿ ಹಳೆಯ ಉತ್ತರ, ಹೊಸ ಪ್ರಶ್ನೆಗೆ ಹೊಸ ಉತ್ತರ. ಸಾಲು ಟೇಬಲ್ಲಿನಲ್ಲೇ ಇದ್ದರೂ ಹುಡುಕಾಟದಲ್ಲಿ ಸಿಗುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ. ಪಿಂಚಣಿ ಪಟ್ಟಿಯಲ್ಲಿ ಅಜ್ಜಿಯೊಬ್ಬರ ಹೆಸರು ‘ಇಲ್ಲ’ ಎಂದು ತೋರಲು ಇಷ್ಟು ಸಾಕು. ಆದ್ದರಿಂದ ಉತ್ತರ ಬದಲಿಸುವ ಪ್ರತಿ ಆವೃತ್ತಿಯ ಜೊತೆ ‘ಅಪ್‌ಡೇಟ್ ಆದಮೇಲೆ ಈ ಇಂಡೆಕ್ಸ್‌ಗಳನ್ನು ರೀಇಂಡೆಕ್ಸ್ ಮಾಡಿ’ ಎಂಬ ಸೂಚನೆ ಇರಲೇಬೇಕು. ಹಳೆಯ ಫಂಕ್ಷನ್ನನ್ನು ಹಾಗೇ ಬಿಟ್ಟು ಹೊಸದನ್ನು ಬೇರೆ ಹೆಸರಲ್ಲಿ ಕೊಡುವುದು ಇನ್ನೂ ಕ್ಷೇಮ.

ಒಮ್ಮೆ ಬಿಡುಗಡೆಯಾದ ಸ್ಕ್ರಿಪ್ಟನ್ನು ಮತ್ತೆ ಮುಟ್ಟಬಾರದು. 1.0.0 ತಪ್ಪಿದ್ದರೆ 1.0.0ರಿಂದ 1.1.0ಕ್ಕೆ ಒಯ್ಯುವ ಸ್ಕ್ರಿಪ್ಟ್ ಬರೆಯಬೇಕು. ಹಳೆಯ ಫೈಲನ್ನೇ ತಿದ್ದಿದರೆ ಒಂದೇ ಆವೃತ್ತಿ ಸಂಖ್ಯೆ ಹೇಳುವ ಎರಡು ಬೇರೆ ಡೇಟಾಬೇಸುಗಳು ಹುಟ್ಟುತ್ತವೆ.

ಬ್ಯಾಕಪ್ ವಿಷಯ ಬಹಳ ಜನರಿಗೆ ತಿಳಿದಿಲ್ಲ. ಬ್ಯಾಕಪ್ ತೆಗೆಯುವ ಪಿಜಿ-ಡಂಪ್ ಎಂಬ ಸಾಧನ ಎಕ್ಸ್‌ಟೆನ್ಷನ್ನಿನ ಫಂಕ್ಷನ್‌ಗಳನ್ನು ಬ್ಯಾಕಪ್ಪಿಗೆ ಬರೆಯುವುದಿಲ್ಲ. ‘ಈ ಎಕ್ಸ್‌ಟೆನ್ಷನ್ ಹಾಕು’ ಎಂಬ ಒಂದು ಸಾಲನ್ನಷ್ಟೇ ಬರೆಯುತ್ತದೆ, ಆವೃತ್ತಿಯನ್ನೂ ಹೇಳುವುದಿಲ್ಲ. ಸರ್ವರ್ ಕೆಟ್ಟು ಹೊಸ ಯಂತ್ರದಲ್ಲಿ ಮರಳಿ ತುಂಬಿಸುವಾಗ ಆ ಎಕ್ಸ್‌ಟೆನ್ಷನ್ನಿನ ಫೈಲುಗಳು ಅಲ್ಲಿ ಇಲ್ಲದಿದ್ದರೆ ಮೊದಲ ಹಂತವೇ ಮುಗ್ಗರಿಸುತ್ತದೆ. ಬರೆದವರು ಕೆಲಸ ಬಿಟ್ಟುಹೋಗಿ ಅವರ ಲ್ಯಾಪ್‌ಟಾಪಿನ ಜೊತೆ ಮೂಲ ಕೋಡೂ ಹೋಗಿದ್ದರೆ ಬ್ಯಾಕಪ್ ಇದ್ದೂ ಇಲ್ಲದಂತೆ. ಕೂಡು ಕಣಜಕ್ಕೆ ಇದಕ್ಕಿಂತ ಬಲವಾದ ಕಾರಣ ನಮಗೆ ಕಾಣುವುದಿಲ್ಲ. ಎಕ್ಸ್‌ಟೆನ್ಷನ್ ತನ್ನದೇ ಟೇಬಲ್ ತಂದು ಬಳಕೆದಾರರು ಅದಕ್ಕೆ ಸಾಲು ಸೇರಿಸುವಂತಿದ್ದರೆ, ಆ ಟೇಬಲ್ಲನ್ನು ಬ್ಯಾಕಪ್ಪಿಗೆ ಸೇರಿಸು ಎಂದು ಸ್ಕ್ರಿಪ್ಟಿನಲ್ಲೇ ‘ಪಿಜಿ-ಎಕ್ಸ್‌ಟೆನ್ಷನ್-ಕಾನ್ಫಿಗ್-ಡಂಪ್’ ಫಂಕ್ಷನ್ ಮೂಲಕ ಹೇಳಬೇಕು. ಹೇಳದಿದ್ದರೆ ಆ ಸಾಲುಗಳು ಬ್ಯಾಕಪ್ಪಿಗೆ ಬರುವುದೇ ಇಲ್ಲ.

ಭದ್ರತೆಗೂ ಎರಡು ಮಾತು. ಎಕ್ಸ್‌ಟೆನ್ಷನ್ ಹಾಕುವವರು ಸಾಮಾನ್ಯವಾಗಿ ಸೂಪರ್‌ಯೂಸರ್, ಅಂದರೆ ಮನೆಯ ಎಲ್ಲ ಬೀಗದ ಕೈ ಇರುವವರು. ಹಂಚಿಕೆಯ ಸ್ಕೀಮಾದಲ್ಲಿ (ಟೇಬಲ್, ಫಂಕ್ಷನ್‌ಗಳನ್ನು ಇಡುವ ವಿಭಾಗ) ಯಾರೋ ಅದೇ ಹೆಸರಿನ ಫಂಕ್ಷನ್ ಮೊದಲೇ ಇಟ್ಟು ಕಾಯುತ್ತಿರಬಹುದು; ಆಗ ಅವರ ಕೋಡು ಸೂಪರ್‌ಯೂಸರ್ ಅಧಿಕಾರದಲ್ಲಿ ಓಡುತ್ತದೆ. 2018ರಲ್ಲಿ ಬಯಲಾದ ಸರ್ಚ್-ಪಾತ್ (ಹೆಸರನ್ನು ಯಾವ ಸ್ಕೀಮಾಗಳಲ್ಲಿ ಹುಡುಕಬೇಕೆಂಬ ಪಟ್ಟಿ) ದೋಷ ಇಂಥದ್ದೇ. 2022ರ ಆಗಸ್ಟಿನ ತಿದ್ದುಪಡಿಯ ನಂತರ, ಎಕ್ಸ್‌ಟೆನ್ಷನ್ನಿಗೆ ಸೇರದ ಹಳೆಯ ವಸ್ತುವನ್ನು ಅದರ ಸ್ಕ್ರಿಪ್ಟ್ ‘ಕ್ರಿಯೇಟ್ ಆರ್ ರಿಪ್ಲೇಸ್’ ಎಂದು ಬದಲಿಸಹೊರಟರೆ ಪೋಸ್ಟ್‌ಗ್ರೆಸ್ ನಿಲ್ಲಿಸುತ್ತದೆ. ಬರೆಯುವವರು ಮೊದಲಿಂದಲೇ ಬರೀ ‘ಕ್ರಿಯೇಟ್’ ಬಳಸಿ, ಫಂಕ್ಷನ್ನಿನೊಳಗೆ ಸ್ಕೀಮಾ ಹೆಸರು ಸಮೇತ ಕರೆಯುವುದು ಒಳ್ಳೆಯದು. ಸಿ ಭಾಷೆ ಬೇಡವಾದಲ್ಲಿ ಬೇಡವೇ ಬೇಡ. ಸಿ ಕೋಡನ್ನು ಪ್ರತಿ ಮುಖ್ಯ ಆವೃತ್ತಿಗೂ ಮತ್ತೆ ಕಂಪೈಲ್ ಮಾಡಬೇಕು, ಅದರೊಳಗಿನ ಒಂದು ತಪ್ಪು ಇಡೀ ಸರ್ವರನ್ನೇ ಬೀಳಿಸಬಲ್ಲದು, ಕ್ಲೌಡ್ ಕಂಪನಿಗಳು ನಡೆಸುವ ಡೇಟಾಬೇಸಿನಲ್ಲಿ ನಮ್ಮ ಸಿ ಫೈಲು ಇಡಲು ಜಾಗವೂ ಕೊಡುವುದಿಲ್ಲ.

ಪರೀಕ್ಷೆಗೆ ನಿಜವಾದ ಪಹಣಿ, ನಿಜವಾದ ಫಲಾನುಭವಿ ಪಟ್ಟಿ ಬಳಸಕೂಡದು. ಬಹಿರಂಗ ಕಣಜಕ್ಕೆ ಏರಿದ ಫೈಲಿನ ನಕಲು ಎಲ್ಲೆಲ್ಲಿಗೋ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರಲಿ ಬಿಡಲಿ, ಇನ್ನೊಬ್ಬರ ಜಮೀನಿನ ವಿವರ ನಮ್ಮ ಪರೀಕ್ಷೆಯ ಸರಕಲ್ಲ. ಕಟ್ಟಿದ ಹೆಸರು, ಕಟ್ಟಿದ ಸರ್ವೆ ನಂಬರುಗಳಿಂದಲೇ ಎಲ್ಲ ಬಗೆಯ ತಪ್ಪನ್ನೂ ತೋರಿಸಬಹುದು.

ನಮ್ಮ ಕೋರಿಕೆ ಇಷ್ಟು. ರಾಜ್ಯದ ಒಂದು ಎಂಜಿನಿಯರಿಂಗ್ ಕಾಲೇಜು ರಾತ್ರಿಯ ಪರೀಕ್ಷಾ ಯಂತ್ರವನ್ನು ವಹಿಸಿಕೊಳ್ಳಲಿ. ಅಂತಿಮ ವರ್ಷದ ಪ್ರಾಜೆಕ್ಟ್ ಎಂದು ಪ್ರತಿವರ್ಷ ಹೊಸತೊಂದನ್ನು ಶುರುಮಾಡಿಸುವ ಬದಲು, ಇರುವ ಎಕ್ಸ್‌ಟೆನ್ಷನ್ನನ್ನು ಹೊಸ ಪೋಸ್ಟ್‌ಗ್ರೆಸ್‌ಗೆ ತಂದು, ಅದರ ಹತ್ತು ದೋಷ ತಿದ್ದಿದವರಿಗೂ ಅಂಕ ಕೊಡಲಿ. ಪ್ರತಿ ಎಕ್ಸ್‌ಟೆನ್ಷನ್ನಿಗೆ ಬೇರೆ ಬೇರೆ ಊರಿನ, ಬೇರೆ ಬೇರೆ ಸಂಸ್ಥೆಯ ಇಬ್ಬರು ಹೊಣೆಗಾರರಿರಲಿ, ಇಬ್ಬರ ಬಳಿಯೂ ಪಿಜಿಎಕ್ಸ್‌ಎನ್‌ಗೆ ಏರಿಸುವ ಅಧಿಕಾರವಿರಲಿ. ಒಬ್ಬರ ಪಾಸ್‌ವರ್ಡಿನಲ್ಲಿ ಸಿಕ್ಕಿಕೊಂಡ ಕೋಡು ಸಮುದಾಯದ್ದಲ್ಲ. ಆರಂಭಕ್ಕೆ ಮೂರು ಸಾಕು: ಎಕರೆ-ಗುಂಟೆ, ಕನ್ನಡ ಅಕ್ಷರ ಶುದ್ಧಿ, ನುಡಿಯಿಂದ ಯೂನಿಕೋಡ್. ಮೂರಕ್ಕೂ ಕೋಡ್ ಬರೆಯುವ ಮೊದಲು ತಲಾ ನೂರು ಪ್ರಶ್ನೆ, ನೂರು ಉತ್ತರಗಳ ಪಟ್ಟಿ ತಯಾರಾಗಬೇಕು. ತಮ್ಮ ಪತ್ರಿಕೆ ಓದುವ ಸರ್ವೇಯರ್‌ಗಳು, ಗ್ರಾಮ ಆಡಳಿತಾಧಿಕಾರಿಗಳು, ಕನ್ನಡ ಅಧ್ಯಾಪಕರು, ಹಳೆಯ ಡಿಟಿಪಿ ಆಪರೇಟರ್‌ಗಳು ತಾವು ದಿನವೂ ಕಾಣುವ ತಪ್ಪುಗಳನ್ನು ಹೀಗೆ ಪ್ರಶ್ನೋತ್ತರವಾಗಿ ಬರೆದು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಕೊಟ್ಟರೆ ಕೆಲಸ ಇದೇ ತಿಂಗಳು ಶುರುವಾಗಬಹುದು.

ಇಂತಿ,
ಡೇಟಾಬೇಸ್ ವೃತ್ತಿಯಲ್ಲಿರುವ ಕೆಲವು ಓದುಗರು
ಬೆಂಗಳೂರು